ಹದಿನೈದು ಚುಕ್ಕೆಗಳ ದುರ್ಗ: ಕನ್ನಡದ ಅಕ್ಷರ ಬೆರಳಿಗೂ ಕಿವಿಗೂ ಸಿಕ್ಕ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಾದ್ರೆ ಒಂದು ಸಣ್ಣ ಕೆಲಸ ಮಾಡಿ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂದ್ಕೊಂಡು ಕಣ್ಣು ಮುಚ್ಚಿ.

ಸುತ್ತ ಏಳೆಂಟು ಬಸ್ಸು. ಪ್ರತಿಯೊಂದಕ್ಕೂ ಒಂದು ಬೋರ್ಡ್. ಯಾವುದೂ ನಿಮಗೆ ಕಾಣ್ತಿಲ್ಲ. ಆದ್ರೂ ನೀವು ಊರು ಸೇರ್ತೀರಿ. ಯಾಕಂದ್ರೆ ಕಂಡಕ್ಟರ್ ಕೂಗ್ತಾನೆ: "ಹಿರಿಯೂರ್ ಹಿರಿಯೂರ್ ಹಿರಿಯೂರ್!" ಆ ಕಡೆಯಿಂದ ಇನ್ನೊಬ್ಬ: "ಹೊಳಲ್ಕೆರೆ, ಹೊಸದುರ್ಗ, ಬನ್ನಿ ಬನ್ನಿ!" ಬೋರ್ಡ್ ಕಣ್ಣಿಗೆ, ಕೂಗು ಕಿವಿಗೆ. ಒಂದೇ ಮಾಹಿತಿ, ಎರಡು ದಾರಿ.

ಈಗ ಕಂಡಕ್ಟರ್ ಸುಮ್ಮನಾದ ಅಂದ್ಕೊಳ್ಳಿ. ಪಕ್ಕದಲ್ಲಿರೋರನ್ನ ಕೇಳಬೇಕು. ಅವರು ಹೇಳಿದ್ದನ್ನ ನಂಬಬೇಕು. ಬಸ್ಸಿನ ವಿಷಯಕ್ಕೆ ಇದು ಪರವಾಗಿಲ್ಲ. ಆದ್ರೆ ನಿಮಗೆ ಬಂದ ಕಾಗದ? ಮಾರ್ಕ್ಸ್ ಕಾರ್ಡ್? ಬ್ಯಾಂಕಿನಿಂದ ಬಂದ ಓಟಿಪಿ? ನಿಮ್ಮ ಗೆಳತಿ ನಿಮಗೇ ಅಂತ ಬರೆದ ಪತ್ರ? ಎಲ್ಲಕ್ಕೂ ಇನ್ನೊಬ್ಬರ ಬಾಯಿ ಬೇಕು ಅಂದ್ರೆ ಬದುಕು ಹೇಗಿರುತ್ತೆ?

ಇವತ್ತಿನ ಕಥೆ ಅದೇ. ಕಣ್ಣು ಕಾಣದವರು ಇನ್ನೊಬ್ಬರ ಬಾಯಿಯ ಹಂಗಿಲ್ಲದೆ ಕನ್ನಡ ಓದೋಕೆ ಶುರು ಮಾಡಿದ್ದು ಯಾವಾಗ, ಹೇಗೆ? ಮತ್ತೆ ಮತ್ತೆ ಆ ಬಾಗಿಲು ಮುಚ್ಚಿದ್ದು ಯಾಕೆ? ಈ ಕಥೆಗೆ ನಾಲ್ಕು ಊರಿನ ಹೆಸರು ಸಾಕು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ.

ಅಣೆಕಟ್ಟಿನ ಕಾಲದ ಒಂದು ಶಾಲೆ

1901ಕ್ಕೆ ಹೋಗೋಣ. ನಮ್ಮ ಜಿಲ್ಲೆ ಆಗ ಮೈಸೂರು ಸಂಸ್ಥಾನದಲ್ಲಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರು. ಹಾಗಾಗಿ 1895ರಿಂದ 1902ರವರೆಗೆ ರಾಜ್ಯಭಾರ ನೋಡಿಕೊಂಡವರು ಅವರ ತಾಯಿ, ವಾಣಿ ವಿಲಾಸ ಸನ್ನಿಧಾನ. ಹಿರಿಯೂರಿನವರಿಗೆ ಈ ಹೆಸರು ಹೇಳಿಕೊಡಬೇಕಾಗಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಆಗ ಕಟ್ಟೆ ಏಳ್ತಾ ಇತ್ತು. 1907ರಲ್ಲಿ ಮುಗಿದ ಆ ಕಟ್ಟೆಯೇ ವಾಣಿ ವಿಲಾಸ ಸಾಗರ. 1933ರಲ್ಲಿ ತುಂಬಿ, ಮತ್ತೆ ತುಂಬಿದ್ದು 2022ರಲ್ಲಿ. ರೀಲ್ಸ್‌ನಲ್ಲಿ ನೀವೆಲ್ಲ ನೋಡಿದ್ದೀರಿ.

ಅದೇ ಕಾಲದಲ್ಲಿ, 1901ರಲ್ಲಿ, ಮೈಸೂರಿನಲ್ಲಿ ಎಂ. ಶ್ರೀನಿವಾಸ ರಾವ್ ಅನ್ನುವವರು ಕಿವಿ ಕೇಳದ ಮತ್ತು ಕಣ್ಣು ಕಾಣದ ಮಕ್ಕಳಿಗೆ ಒಂದು ಶಾಲೆ ತೆರೆದ್ರು. ಭಾರತದಲ್ಲಿ ಅಂಧ ಮಕ್ಕಳ ಮೊದಲ ಶಾಲೆ ಅಮೃತಸರದಲ್ಲಿ 1887ರಲ್ಲಿ, ಆನಿ ಶಾರ್ಪ್ ಅನ್ನೋ ಮಿಷನರಿ ಮಹಿಳೆಯಿಂದ ಶುರುವಾಗಿತ್ತು. ಅದಾಗಿ ಹದಿನಾಲ್ಕು ವರ್ಷಕ್ಕೆ ಕನ್ನಡ ನಾಡಿಗೂ ಅಂಥದ್ದೊಂದು ಬಂತು.

ಆದ್ರೆ ಹೊಸದುರ್ಗದ ಹಳ್ಳಿಯೊಂದರ ಮಗುವಿಗೆ ಮೈಸೂರು ಅಂದ್ರೆ ಇನ್ನೊಂದು ಲೋಕ. ಚಿತ್ರದುರ್ಗದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಶಾಲೆಗೆ ಹೋಗೋದು ಅಂದ್ರೆ ಮನೆ ಬಿಡೋದು ಅಂತಲೇ ಅರ್ಥ. ಕಟ್ಟೆ ಇದ್ದರೂ ಕಾಲುವೆ ಬರದ ಹೊಲದ ಹಾಗೆ.

ಹಾಗಾದ್ರೆ ಅದಕ್ಕೆ ಮುಂಚೆ, ಮತ್ತೆ ಆಮೇಲೂ ಬಹಳ ಕಾಲ, ಕಣ್ಣಿಲ್ಲದ ಮಕ್ಕಳು ಏನೂ ಕಲೀತಿರಲಿಲ್ವಾ? ಕಲೀತಿದ್ರು, ಕಿವಿಯಿಂದ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಕಟ್ಟಿದ ಸಂಗೀತ ಪರಂಪರೆ ನಾಡಿಗೆಲ್ಲ ಗೊತ್ತು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಗುರು ಹಾಡ್ತಾನೆ, ಶಿಷ್ಯ ಕೇಳ್ತಾನೆ, ನೆನಪಿಡ್ತಾನೆ. ದೊಡ್ಡ ವಿದ್ಯೆ ಅದು. ಆದ್ರೆ ರಾತ್ರಿ ಹನ್ನೊಂದು ಗಂಟೆಗೆ, ಯಾರೂ ಇಲ್ಲದಾಗ, ತನಗೆ ಬೇಕಾದ ಪುಟ ತಾನೇ ತೆರೆದು ಓದೋದು ಅದರಿಂದ ಆಗಲ್ಲ. ಅದಕ್ಕೆ ಬೆರಳಿಗೆ ಸಿಗೋ ಅಕ್ಷರ ಬೇಕು.

ಆರು ಚುಕ್ಕೆ, ಐದು ಮನೆ

ಆ ಅಕ್ಷರ ಹುಟ್ಟಿದ್ದು ಫ್ರಾನ್ಸಿನಲ್ಲಿ. ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದ. ಅಪ್ಪ ಕುದುರೆಗಳಿಗೆ ಜೀನು, ಪಟ್ಟಿ ಹೊಲಿಯೋರು. ಮೂರು ವರ್ಷದ ಹುಡುಗ ಅಪ್ಪನ ಉಪಕರಣದ ಜತೆ ಆಡುವಾಗ ಕಣ್ಣಿಗೆ ಚುಚ್ಚಿಕೊಂಡ. ಸೋಂಕು ಹಬ್ಬಿ ಎರಡೂ ಕಣ್ಣು ಹೋಯ್ತು. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಓದುವಾಗ, ಚಾರ್ಲ್ಸ್ ಬಾರ್ಬಿಯೆ ಅನ್ನುವವರು ಹನ್ನೆರಡು ಚುಕ್ಕೆಗಳ ಉಬ್ಬು ಬರಹವೊಂದನ್ನ ತಂದು ತೋರಿಸಿದ್ರು. ಬೆರಳ ತುದಿಗೆ ಅದು ದೊಡ್ಡದಾಗ್ತಿತ್ತು. ಲೂಯಿ ಅದನ್ನ ಆರಕ್ಕೆ ಇಳಿಸಿದ. 1824ರಲ್ಲಿ ಅವನಿಗೆ ಹದಿನೈದು ವರ್ಷ, ಅಂದ್ರೆ ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸು.

ಒಂದು ಮನೆ. ಅದರಲ್ಲಿ ಎರಡು ಸಾಲು, ಸಾಲಿಗೆ ಮೂರರಂತೆ ಆರು ಚುಕ್ಕೆ. ಯಾವ ಚುಕ್ಕೆ ಉಬ್ಬಿದೆ, ಯಾವುದಿಲ್ಲ ಅನ್ನೋದರ ಮೇಲೆ 63 ಆಕಾರ. ಇಷ್ಟೇ ಬ್ರೈಲ್.

ಭಾರತಕ್ಕೆ ಬಂದಾಗ ಒಂದು ತೊಡಕು ಎದುರಾಯ್ತು. ಬೇರೆ ಬೇರೆ ಶಾಲೆ, ಬೇರೆ ಬೇರೆ ಭಾಷೆ, ಪ್ರತಿಯೊಬ್ಬರದ್ದೂ ಬೇರೆ ಬ್ರೈಲ್. ಒಂದು ಕಡೆ ಅಚ್ಚಾದ ಪುಸ್ತಕ ಇನ್ನೊಂದು ಕಡೆ ಓದೋಕೆ ಆಗ್ತಿರಲಿಲ್ಲ. ಇದನ್ನ ಸರಿ ಮಾಡೋಕೆ 1940ರ ದಶಕದಲ್ಲಿ ಕೆಲಸ ಶುರುವಾಯ್ತು. ಅದರಲ್ಲಿ ಮುಖ್ಯರಾದ ಇಬ್ಬರು ಸ್ವತಃ ಕಣ್ಣು ಕಾಣದವರು. ಒಬ್ಬರು ಕ್ಲೂಥಾ ಮೆಕೆಂಝಿ, ನ್ಯೂಜಿಲೆಂಡಿನವರು. ಮೊದಲ ಮಹಾಯುದ್ಧದಲ್ಲಿ, ಗ್ಯಾಲಿಪೊಲಿಯಲ್ಲಿ ಕಣ್ಣು ಕಳಕೊಂಡವರು. ಇನ್ನೊಬ್ಬರು ಲಾಲ್ ಅಡ್ವಾಣಿ, 1947ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಸೇರಿದವರು. ಯುನೆಸ್ಕೋ ಕೂಡ ಕೈಜೋಡಿಸಿ, 1951ರಲ್ಲಿ ಬೇರೂತ್ ಸಭೆಯಲ್ಲಿ ಭಾರತಿ ಬ್ರೈಲ್ ಒಪ್ಪಿತವಾಯ್ತು. ಅದೇ ವರ್ಷ ಡೆಹ್ರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಶುರುವಾಯ್ತು. ನಮ್ಮ ರಾಜ್ಯದ ಸರ್ಕಾರಿ ಬ್ರೈಲ್ ಮುದ್ರಣಾಲಯ ಇರೋದು ಮೈಸೂರಿನಲ್ಲಿ.

ಭಾರತಿ ಬ್ರೈಲ್‌ನ ಸೂತ್ರ ಸರಳ: ಲಿಪಿ ನೋಡಬೇಡ, ಉಚ್ಚಾರ ಕೇಳು. ಕನ್ನಡದ 'ಕ', ತೆಲುಗಿನ 'ಕ', ಹಿಂದಿಯ 'ಕ' ಮೂರಕ್ಕೂ ಅವೇ ಚುಕ್ಕೆ. ನಮ್ಮ ಜಿಲ್ಲೆಯ ಗಡಿ ದಾಟಿದ್ರೆ ಅನಂತಪುರ. ಅಲ್ಲಿ ಬೋರ್ಡಿನ ಲಿಪಿ ಬದಲಾಗುತ್ತೆ, ಆದ್ರೆ ಬೆರಳಿಗೆ ಬದಲಾಗಲ್ಲ.

ಈಗ 'ದುರ್ಗ' ಬರೆಯೋಣ. ಅಚ್ಚಿನಲ್ಲಿ ಹೇಗೆ ಬರೀತೀವಿ? ದು, ಆಮೇಲೆ ಗ, ಅದರ ಪಕ್ಕ ಒಂದು ಅರ್ಕಾವತ್ತು. ಬಾಯಲ್ಲಿ 'ರ್' ಮೊದಲು ಬರುತ್ತೆ, 'ಗ' ಆಮೇಲೆ. ಕಾಗದದ ಮೇಲೆ ಮಾತ್ರ 'ಗ' ಮೊದಲು, 'ರ್' ಆಮೇಲೆ. ಒಂದನೇ ಕ್ಲಾಸಿನಲ್ಲಿ ನಮ್ಮೆಲ್ಲರ ತಲೆ ಕೆಡಿಸಿದ್ದು ಇದೇ ತಾನೆ? ಬ್ರೈಲ್‌ನಲ್ಲಿ ಆ ಗೊಂದಲ ಇಲ್ಲ. ದ, ಉ, ಅರ್ಧಾಕ್ಷರದ ಗುರುತು, ರ, ಗ. ಐದು ಮನೆ. ಮೂರು, ಮೂರು, ಒಂದು, ನಾಲ್ಕು, ನಾಲ್ಕು: ಒಟ್ಟು ಹದಿನೈದು ಚುಕ್ಕೆ. ಒತ್ತಕ್ಷರ ಕೆಳಗೆ ಹೋಗಲ್ಲ, ಗುಡಿಸು ಮೇಲೆ ಏರಲ್ಲ. ಬಾಯಿ ಹೇಳಿದ ಕ್ರಮದಲ್ಲಿ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತೆ.

ಹಿರಿಯೂರು ಸುಲಭ, ಒತ್ತಕ್ಷರವೇ ಇಲ್ಲ: ಎಂಟು ಮನೆ. ಹೊಳಲ್ಕೆರೆಯಲ್ಲಿ ಒಂದು ಒತ್ತು, ಹೊಸದುರ್ಗದಲ್ಲಿ ಒಂದು ಅರ್ಕಾವತ್ತು, ಚಿತ್ರದುರ್ಗದಲ್ಲಿ ಎರಡೂ ಇದೆ: ಹತ್ತು ಮನೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತೆ.

ಬ್ರೈಲ್‌ಗೂ ಅದರದ್ದೇ ಕಷ್ಟ ಇದೆ. ದಪ್ಪ ಕಾಗದ, ದೊಡ್ಡ ಅಕ್ಷರ. ಒಂದು ಪಠ್ಯಪುಸ್ತಕ ಹಲವು ಸಂಪುಟ ಆಗುತ್ತೆ. ಸ್ಲೇಟು, ಮೊಳೆಯಂಥ ಕಡ್ಡಿ ಹಿಡಿದು ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ಕಲಿಸೋ ಮೇಷ್ಟ್ರು ಬೇಕು. 1974ರಲ್ಲಿ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳನ್ನ ಊರಿನ ಮಾಮೂಲಿ ಶಾಲೆಯಲ್ಲೇ ಓದಿಸೋ ಯೋಜನೆ ತಂತು. ಮನೆ ಬಿಡಬೇಕಾಗಿಲ್ಲ, ಒಳ್ಳೇದು. ಆದ್ರೆ ಮಗು ಊರ ಶಾಲೆಗೆ ಬಂದ ಮಾತ್ರಕ್ಕೆ ಬ್ರೈಲ್ ಪುಸ್ತಕವೂ, ಬ್ರೈಲ್ ಗೊತ್ತಿರೋ ಮೇಷ್ಟ್ರೂ ಅಲ್ಲಿಗೆ ಬಂದ ಹಾಗಾಯ್ತಾ? ಪಕ್ಕದಲ್ಲಿ ಕೂತ ಗೆಳೆಯ ಓದಿ ಹೇಳಬೇಕು. ಮತ್ತೆ ಇನ್ನೊಬ್ಬರ ಬಾಯಿ.

ಟೋಪಿ ಹಾಕಿದ 'ಎ' ಮತ್ತು ಪೌಂಡ್ ಚಿಹ್ನೆ

ಆಮೇಲೆ ಕಂಪ್ಯೂಟರ್ ಬಂತು. ಎಲ್ಲ ಸರಿಹೋಗುತ್ತೆ ಅಂತ ಅನ್ನಿಸ್ತು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ಕೊಟ್ರು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಡ್ತು. ಕನ್ನಡ ಪರದೆ ಮೇಲೆ ಬಂದಿದ್ದಕ್ಕೆ ಇವರಿಗೆಲ್ಲ ನಾವು ಋಣಿ. ಆದ್ರೆ ಆ ಕಾಲದ ಫಾಂಟುಗಳ ಒಳಗೆ ಒಂದು ಗುಟ್ಟು ಇತ್ತು.

ನಿಮಗೆ ಈ ಅನುಭವ ಆಗಿರುತ್ತೆ: ಹಳೇ ಸುತ್ತೋಲೆಯ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡ್ತೀರಿ. 'ಕನ್ನಡ' ಅಂತ ಇದ್ದದ್ದು ಒಂದು ಇಂಗ್ಲಿಷ್ 'ಪಿ', ಟೋಪಿ ಹಾಕಿದ 'ಎ', ಪೌಂಡ್ ಚಿಹ್ನೆ, ಮತ್ತೊಂದು ಟೋಪಿ 'ಎ', ಯಾವುದೋ ಜರ್ಮನ್ ಅಕ್ಷರ, ಹೀಗೆ ಬರುತ್ತೆ. ಏನಾಯ್ತು? ಆ ಕಂಪ್ಯೂಟರಿನ ಒಳಗೆ ಕನ್ನಡ ಇರಲೇ ಇಲ್ಲ. ಇದ್ದದ್ದು ಇಂಗ್ಲಿಷ್ ಸಂಕೇತಗಳು. ಅವಕ್ಕೆ ಕನ್ನಡದ ಚೂರುಗಳ ವೇಷ ಹಾಕಿದ್ರು. ತಲೆಕಟ್ಟು ಒಂದು ಚೂರು, ಕೊಂಬು ಒಂದು ಚೂರು. ಅರ್ಕಾವತ್ತು ಕಣ್ಣಿಗೆ ಎಲ್ಲಿ ಕಾಣುತ್ತೋ ಅಲ್ಲೇ, 'ಗ' ಆದಮೇಲೆ.

ಕಣ್ಣಿಗೆ ಪುಟ ಸುಂದರವಾಗಿತ್ತು. ಆದ್ರೆ ಪರದೆ ಓದೋ ತಂತ್ರಾಂಶಕ್ಕೆ, ಅಂದ್ರೆ ಸ್ಕ್ರೀನ್ ರೀಡರ್‌ಗೆ, ಕಣ್ಣಿಲ್ಲ. ಅದು ಒಳಗಿರೋ ಸಂಕೇತವನ್ನ ಓದುತ್ತೆ. ಕೇಳೋರಿಗೆ ಬರೀ ಗೊಣಗಾಟ. ಆದೇಶ, ಅರ್ಜಿ, ಪಠ್ಯ, ಎಷ್ಟೋ ಹೀಗೇ ಟೈಪಾಗಿ ಕೂತವು. ಬ್ರೈಲ್ ತೆರೆದಿದ್ದ ಬಾಗಿಲನ್ನ ಕಂಪ್ಯೂಟರ್ ಗೊತ್ತಿಲ್ಲದೇ ಮುಚ್ಚಿಬಿಡ್ತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಅಕ್ಷರ ಅಂದ್ರೆ ಕಣ್ಣಿಗೆ ಕಾಣೋದು ಅಂತ ಎಲ್ಲರೂ ಅಂದ್ಕೊಂಡಿದ್ರು, ಅಷ್ಟೇ.

ಬಾಗಿಲು ತೆರೆಯೋ ಕೀಲಿ ಆಗಲೇ ಇತ್ತು. ಹೆಸರು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ. ಇಲ್ಲಿ 'ದುರ್ಗ' ಹೇಗೆ ಕೂರುತ್ತೆ ಗೊತ್ತಾ? ದ, ಉಕಾರದ ಗುರುತು, ರ, ಅರ್ಧಾಕ್ಷರದ ಗುರುತು, ಗ. ಐದು ಸಂಖ್ಯೆ. ಹಿರಿಯೂರಿಗೆ ಎಂಟು. ಚಿತ್ರದುರ್ಗಕ್ಕೆ ಹತ್ತು. ಆಗಲೇ ನೆನಪಿಡಿ ಅಂದ ಲೆಕ್ಕ ಇದೇ! ಬ್ರೈಲ್‌ನಲ್ಲಿ ಎಷ್ಟು ಮನೆಯೋ, ನಿಮ್ಮ ಫೋನಿನ ಒಳಗೂ ಅಷ್ಟೇ ಸಂಖ್ಯೆ. ಬ್ರೈಲ್‌ನಲ್ಲಿ ಅರ್ಧಾಕ್ಷರದ ಗುರುತು 'ರ'ಗೆ ಮುಂಚೆ ಬರುತ್ತೆ, ಯೂನಿಕೋಡ್‌ನಲ್ಲಿ ಆಮೇಲೆ. ಅಷ್ಟೇ ವ್ಯತ್ಯಾಸ. ಎರಡೂ ಕಡೆ ಅರ್ಕಾವತ್ತಿನ 'ರ್' ಬಾಯಲ್ಲಿ ಬರೋ ಜಾಗದಲ್ಲೇ ಇದೆ.

ಅಂದ್ರೆ, 1951ರಲ್ಲಿ ಕಣ್ಣು ಕಾಣದವರಿಗಾಗಿ ಒಪ್ಪಿಕೊಂಡ ದಾರಿಗೇ ಎಲ್ಲರ ಫೋನೂ ಆಮೇಲೆ ಬಂದು ಸೇರ್ತು.

ಮಾತಾಡೋ ಫೋನು

ಆಮೇಲಿನದು ಬೇಗ ಬೇಗ ನಡೀತು. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್, ಸ್ವತಃ ಅಂಧರು, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಶುರು ಮಾಡಿದ್ರು. ಪೂರ್ತಿ ಉಚಿತ. ಅದಕ್ಕೆ ಮುಂಚೆ ಇಂಥ ತಂತ್ರಾಂಶ ನಮ್ಮ ಹಳ್ಳಿ ಮನೆಗಳಿಗೆ ಎಟುಕದಷ್ಟು ದುಬಾರಿ. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಬಂತು, ಆಂಡ್ರಾಯ್ಡಿಗೆ ಟಾಕ್‌ಬ್ಯಾಕ್ ಬಂತು. ಮೊದಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣ್ತಿತ್ತು. ಕ್ರಮೇಣ ಅಕ್ಷರ ಬಂತು, ಆಮೇಲೆ ಧ್ವನಿಯೂ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನ ಪಠ್ಯವಾಗಿಸೋ, ಆ ಪಠ್ಯವನ್ನ ಧ್ವನಿಯಾಗಿಸೋ ತಂತ್ರಾಂಶ ರೂಪಿಸ್ತು. ಮಿತ್ರ ಜ್ಯೋತಿ, ಸಮರ್ಥನಂ ಥರದ ಸಂಸ್ಥೆಗಳು 1990ರ ದಶಕದಿಂದಲೇ ಈ ದಾರಿಯಲ್ಲಿ ದುಡೀತಾ ಬಂದಿವೆ. ಸರ್ಕಾರ ವಿದ್ಯಾರ್ಥಿಗಳಿಗೆ ಮಾತಾಡುವ ಲ್ಯಾಪ್‌ಟಾಪ್ ಕೊಡೋ ಯೋಜನೆಯನ್ನೂ ತಂತು.

ಕಾನೂನೂ ಹಿಂದೆ ಹಿಂದೆ ಬಂತು. ನಮ್ಮೂರ ಪುಸ್ತಕವೇ ತಗೊಳ್ಳಿ: ತ.ರಾ.ಸು. ಅವರ 'ದುರ್ಗಾಸ್ತಮಾನ'. ದುರ್ಗದ ಕೊನೆಯ ನಾಯಕನ ಕಾದಂಬರಿ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ತ.ರಾ.ಸು. ತೀರಿಕೊಂಡಿದ್ದು 1984ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಅಂದ್ರೆ 2044ರ ಕೊನೆವರೆಗೆ. ಹಳೇ ಕಾನೂನಿನ ಪ್ರಕಾರ, ಅಂಧ ಹುಡುಗಿಯೊಬ್ಬಳಿಗಾಗಿ ಇದನ್ನ ಬ್ರೈಲ್ ಮಾಡಬೇಕು, ಟೈಪ್ ಮಾಡಿ ಕೊಡಬೇಕು ಅಂದ್ರೆ ಒಂದೋ ಹಕ್ಕುದಾರರ ಅನುಮತಿ ಬೇಕು, ಇಲ್ಲಾ 2045ರವರೆಗೆ ಕಾಯಬೇಕು.

2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯ್ತು. ಮಾಮೂಲಿ ಪುಸ್ತಕ ಓದಲಾಗದ ವಿಕಲಚೇತನರಿಗಾಗಿ, ಅವರ ಸ್ವಂತ ಓದಿಗೋ ಶಿಕ್ಷಣಕ್ಕೋ, ಅವರಿಗೆ ಒಗ್ಗುವ ರೂಪಕ್ಕೆ ಪುಸ್ತಕವನ್ನ ಬದಲಾಯಿಸಿಕೊಡಬಹುದು. ಅದು ತಪ್ಪಲ್ಲ. ಮರುವರ್ಷ, 2013ರಲ್ಲಿ, ಇದೇ ಆಶಯದ ಅಂತಾರಾಷ್ಟ್ರೀಯ ಒಪ್ಪಂದ ಮೊರಾಕ್ಕೋದ ಮರ್ರಾಕೇಶ್‌ನಲ್ಲಿ ಆಯ್ತು. 2014ರಲ್ಲಿ ಅದನ್ನ ಅನುಮೋದಿಸಿದ ಮೊದಲ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯ ಬಂತು. ಅದೇ ವರ್ಷ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಬಂತು: 21 ಬಗೆಯ ವೈಕಲ್ಯಗಳಿಗೆ ಮಾನ್ಯತೆ, ಸರ್ಕಾರಿ ಕೆಲಸದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯ್ತು. ಡಿಜಿಟಲ್ ಸೇವೆ ಕೈಗೆಟುಕೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದೇ ಭಾಗ ಅಂತ ಹೇಳ್ತು.

ಬಾಗಿಲು ಮತ್ತೆ ಮುಚ್ತಾ ಇದೆಯಾ?

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರು 13.24 ಲಕ್ಷ. ಫೋನು ಈಗ ಹಳ್ಳಿ ಹಳ್ಳಿಯಲ್ಲಿದೆ. ಯೂನಿಕೋಡ್ ಇದೆ, ಧ್ವನಿ ಇದೆ, ಕಾನೂನಿದೆ. ಕಥೆ ಸುಖಾಂತ್ಯ ಅಲ್ವಾ?

ಹೊಸದುರ್ಗದ ಕಡೆಯ ಒಬ್ಬ ವಿದ್ಯಾರ್ಥಿನಿ ಅಂದ್ಕೊಳ್ಳಿ. ಡಿಗ್ರಿ ಎರಡನೇ ವರ್ಷ. ಕಣ್ಣು ಕಾಣಲ್ಲ, ಟಾಕ್‌ಬ್ಯಾಕ್ ಚೆನ್ನಾಗಿ ಬರುತ್ತೆ. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಸ್ಕಾಲರ್‌ಶಿಪ್ ಅರ್ಜಿಯ ನೋಟಿಸ್ ಬರುತ್ತೆ. ಯಾರೋ ನೋಟಿಸ್ ಬೋರ್ಡಿನ ಫೋಟೋ ಹೊಡೆದು ಹಾಕಿದ್ದಾರೆ, ಸ್ವಲ್ಪ ಓರೆಯಾಗಿ. ನಲವತ್ತು ಜನ ನೋಡಿ ಥಂಬ್ಸ್ ಅಪ್ ಕೊಟ್ರು. ಅವಳ ಫೋನು ಹೇಳಿದ್ದು ಒಂದೇ ಪದ: "ಫೋಟೋ." ಫೋಟೋದಿಂದ ಅಕ್ಷರ ಹೆಕ್ಕೋ ಆ್ಯಪ್ ಇದೆ, ನಿಜ. ಆದ್ರೆ ಓರೆ ಫೋಟೋ, ಮೇಲೆ ಸಹಿ, ಸೀಲು. ಕೊನೆಯ ದಿನಾಂಕವೇ ತಪ್ಪಿ ಹೋಗಬಹುದು. ಕಡೆಗೆ ಅವಳು ಯಾರನ್ನಾದ್ರೂ ಕೇಳಬೇಕು: "ಇದೇನು ಬಂದಿದೆ ನೋಡಿ ಹೇಳ್ತೀರಾ?"

ನೂರಿಪ್ಪತ್ತು ವರ್ಷದ ದಾರಿ ಬಂದು ಮತ್ತೆ ಬಸ್ ಸ್ಟ್ಯಾಂಡಿನಲ್ಲೇ ನಿಂತ ಹಾಗಾಯ್ತು. ಈ ಸಲ ಬಾಗಿಲು ಹಾಕಿದ್ದು ಫಾಂಟ್ ಅಲ್ಲ, ಬಡತನವೂ ಅಲ್ಲ, ಮೈಸೂರಿನ ದೂರವೂ ಅಲ್ಲ. ಹಾಕಿದ್ದು ನಾವು. ಅವಸರದಲ್ಲಿ, ಗಮನಿಸದೆ.

ಇತಿಹಾಸ ಹೇಳೋದು ಇಷ್ಟೇ. ಅಕ್ಷರವನ್ನ ಚಿತ್ರ ಅಂದ್ಕೊಂಡಾಗಲೆಲ್ಲ ಕೆಲವರು ಹೊರಗೆ ಉಳಿದ್ರು. ಅಕ್ಷರ ಅಂದ್ರೆ ಮಾತು ಅಂತ ನೆನಪಾದಾಗಲೆಲ್ಲ ಒಳಗೆ ಬಂದ್ರು. ಆ ನೋಟಿಸಿನ ಕೆಳಗೆ ನಾಲ್ಕು ಸಾಲು ಟೈಪ್ ಮಾಡೋಕೆ, ಬೇಡ, ಮೈಕ್ ಒತ್ತಿ ಹೇಳೋಕೆ, ಒಂದು ನಿಮಿಷ ಸಾಕು. ಅದು ಉಪಕಾರ ಅಲ್ಲ. ಕಂಡಕ್ಟರ್ "ಹಿರಿಯೂರ್" ಅಂತ ಕೂಗೋದು ಉಪಕಾರಕ್ಕಾ? ಅದು ಅವನ ಕೆಲಸ. ಎಲ್ಲರೂ ಹತ್ತಬೇಕಲ್ಲ!

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕಣ್ಣು ಕಾಣದ ಮಗು ಇದ್ರೆ, ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಇರ್ತಾರೆ. ಶಾಲೆಯ ವಿಷಯಕ್ಕೆ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಮೇಷ್ಟ್ರನ್ನ ಕೇಳಿ. ಇನ್ನು ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಹುಡುಕಿ, ಐದು ನಿಮಿಷ ಆನ್ ಮಾಡಿ, ಕಣ್ಣು ಮುಚ್ಚಿ ನಿಮ್ಮದೇ ವಾಟ್ಸಾಪ್ ತೆರೆದು ನೋಡಿ. ಗಾಬರಿ ಬೇಡ. ಬಹಳಷ್ಟು ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಆನ್ ಆಗುತ್ತೆ, ಆಫ್ ಕೂಡ ಆಗುತ್ತೆ. ಎಷ್ಟು "ಫೋಟೋ" ಕೇಳಿಸ್ತು, ಎಷ್ಟು ಮಾತು ಕೇಳಿಸ್ತು ಅಂತ ಎಣಿಸಿ.

ಕೊನೆಗೊಂದು ಮಾತು. ಈ ಸಂಚಿಕೆಯನ್ನ ಕಿವಿ ಕೇಳದವರು ಓದಲಿ ಅಂತಲೇ ಇಲ್ಲಿ ಬರಹ ಇದೆ. ಈ ಬರಹವನ್ನ ಕಣ್ಣು ಕಾಣದವರು ತಮ್ಮ ಫೋನಿನಿಂದ ಓದಿಸಿಕೊಂಡು ಕೇಳಬಹುದು. ಅವರ ಫೋನು 'ದುರ್ಗ' ಅಂತ ಸರಿಯಾಗಿ ಹೇಳುತ್ತೆ, ರಕಾರ ಮೊದಲು, ಗಕಾರ ಆಮೇಲೆ. ಯಾರನ್ನೂ ಕೇಳಬೇಕಾಗಿಲ್ಲ.